ಗ್ರೀನ್ ಬೇಯ ಸಮಪಾಲು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗೆ ಕೆಲಸ ಕಡಿಮೆ, ಕೈಗೆ ಹೆಚ್ಚು. ಚೆಂಡಾದರೋ ಗುಂಡಗಿರದೆ ಸಿಪ್ಪೆ ಸುಲಿಯದ ತೆಂಗಿನಕಾಯಿಯಂತೆ ತುದಿ ಚೂಪಾಗಿರುವುದು. ಈ ಒಂದು ಗೊಂದಲವನ್ನು ಓದುಗರು ಮೊದಲಿಗೇ ಕಳೆದುಕೊಂಡರೆ ಮುಂದಿನದು ಸುಲಭ. ಸೆಪ್ಟೆಂಬರಿನಿಂದ ಚಳಿಗಾಲ ಮುಗಿಯುವತನಕ ಆ ದೇಶದ ಭಾನುವಾರಗಳು ಈ ಆಟಕ್ಕೇ ಮುಡಿಪು. ಸೋಮವಾರ ರಾತ್ರಿಯ ಪಂದ್ಯವೂ ನಡೆದು ವಾರದ ಲೆಕ್ಕ ತೀರಿತೆನ್ನುವಾಗ, ಮಂಗಳವಾರದಂದು, ಮೈದಾನಗಳೆಲ್ಲ ಬರಿದಾಗಿರುವ ಹೊತ್ತಿನಲ್ಲಿ, ಬೇರೊಂದು ಆಟ ಮೊದಲಾಗುತ್ತದೆ. ಕ್ರೀಡಾ ಪತ್ರಕರ್ತರು ಎನ್‌ಎಫ್‌ಎಲ್ ಎಂಬ ರಾಷ್ಟ್ರೀಯ ಲೀಗಿನ 32 ತಂಡಗಳನ್ನೂ ಬಲಾಬಲವರಿತು ಒಂದರ ಕೆಳಗೊಂದು ಜೋಡಿಸಿ ‘ಪವರ್ ರ‍್ಯಾಂಕಿಂಗ್’ ಎಂಬ ಪಟ್ಟಿಯನ್ನು ಪ್ರಕಟಿಸುತ್ತಾರೆ. ಅದನ್ನು ಓದಿದ ಅಭಿಮಾನಿಗಳು ಕಚೇರಿಯಲ್ಲಿ, ಬಾರಿನಲ್ಲಿ, ಕ್ಷೌರದಂಗಡಿಯಲ್ಲಿ ಸೊಂಟ ಕಟ್ಟಿ ವಾದಕ್ಕೆ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಆಟದ ಮಾತೇ: ಹೋದ ವಾರ ಅವರನ್ನು ಸೋಲಿಸಿದವರು ನಾವು, ಹಾಗಿದ್ದೂ ಅವರು ಮೇಲೆ, ನಾವು ಕೆಳಗೆ, ಇದು ಯಾವ ನ್ಯಾಯ? ಎರಡನೆಯ ಸುತ್ತಿಗೆ ಮಾತು ಆಟವನ್ನು ಬಿಟ್ಟು ಊರಿನ ಮೇಲೆ ಹೊರಳುತ್ತದೆ: ಅವರದು ನ್ಯೂಯಾರ್ಕು, ಟೀವಿಯವರಿಗೆ ಗಿರಾಕಿಗಳಿರುವುದು ಅಲ್ಲಿ, ನಮ್ಮದು ಸಣ್ಣ ಮಾರ್ಕೆಟ್ಟು, ನಮ್ಮನ್ನು ಕೇಳುವವರಾರು?

ತಂಡದ ಬಲವೊಂದು, ಊರಿನ ಗಾತ್ರವೊಂದು. ಈ ಎರಡು ಅಳತೆಗೋಲುಗಳಿಗೂ ಬೇರೆಬೇರೆ ಜಾತಕಗಳುಂಟು.

ಬಲಾಬಲದ ಪಟ್ಟಿ ಹುಟ್ಟಿದ್ದು ಕಾಲೇಜುಗಳ ಆಟದಲ್ಲಿ, ಮತ್ತು ಅಲ್ಲಿ ಅದಕ್ಕೆ ಯುಕ್ತವಾದ ಕಾರಣವೂ ಇತ್ತು. ಆ ವಿಶಾಲ ದೇಶದಲ್ಲಿ ಹರಡಿಕೊಂಡಿದ್ದ ನೂರಾರು ಕಾಲೇಜುಗಳು ತಮ್ಮತಮ್ಮ ಸೀಮೆಯೊಳಗೇ ಆಡಿಕೊಂಡಿದ್ದುದರಿಂದ ಪೂರ್ವದ ವೀರನಿಗೂ ಪಶ್ಚಿಮದ ವೀರನಿಗೂ ಮುಖಾಮುಖಿಯಾಗುವ ಸಂದರ್ಭವೇ ಅಪೂರ್ವವಾಗಿತ್ತು. ಮೈದಾನದಲ್ಲಿ ತೀರದ ವ್ಯಾಜ್ಯವನ್ನು ಕಾಗದದ ಮೇಲೆ ತೀರಿಸಬೇಕಾಗಿ ಬಂತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದ ಫ್ರಾಂಕ್ ಡಿಕಿನ್ಸನ್ 1920ರ ದಶಕದಲ್ಲಿ ಗೆಲುವಿಗಿಷ್ಟು, ಬಲಿಷ್ಠರೆದುರಿನ ಗೆಲುವಿಗೆ ಮತ್ತಿಷ್ಟು ಎಂದು ಅಂಕಗಳನ್ನು ಹಂಚಿ ಒಂದು ಗಣಿತವನ್ನು ರಚಿಸಿದರು. ಈ ಸುದ್ದಿಯನ್ನು ಕೇಳಿದ ನೋಟರ್ ಡೇಮ್ ತಂಡದ ಪ್ರಖ್ಯಾತ ತರಬೇತುದಾರ ನ್ಯೂಟ್ ರಾಕ್ನಿ, ಲೆಕ್ಕವನ್ನು ಹಿಂದಕ್ಕೆ ಚಾಚಿ 1924ರ ಋತುವನ್ನೂ ಅದರಲ್ಲಿ ಸೇರಿಸಬಾರದೇಕೆ ಎಂದು ವಿನಯದಿಂದ ಸೂಚಿಸಿದನಂತೆ. 1924ರಲ್ಲಿ ನೋಟರ್ ಡೇಮ್ ಒಂದು ಪಂದ್ಯವನ್ನೂ ಸೋತಿರಲಿಲ್ಲವೆಂಬುದನ್ನು ತಿಳಿದರೆ ಆ ವಿನಯದ ಮರ್ಮ ಹೊಳೆಯುವುದು. ಪಟ್ಟಿ ಹುಟ್ಟಿದ ಗಳಿಗೆಯಲ್ಲೇ ಪಕ್ಷಪಾತವೂ ಅದರ ತೊಟ್ಟಿಲ ಬಳಿ ನಿಂತಿತ್ತು.

ಈ ಪಟ್ಟಿಯನ್ನು ವಾರವಾರದ ವ್ಯಸನವನ್ನಾಗಿ ಮಾಡಿದ ಕೀರ್ತಿ ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯ ಕ್ರೀಡಾ ಸಂಪಾದಕ ಆಲನ್ ಗೂಲ್ಡ್ ಅವರದು. 1935ರ ಕೊನೆಗೆ ಅವರು ಮಿನೆಸೋಟ, ಪ್ರಿನ್ಸ್‌ಟನ್, ಸದರ್ನ್ ಮೆಥಡಿಸ್ಟ್ ಈ ಮೂರನ್ನೂ ಸಮಾನವೆಂದು ಸಾರಿ ಎಲ್ಲರನ್ನೂ ಸಂತೋಷಪಡಿಸಲೆಣಿಸಿದಾಗ ಮಿನೆಸೋಟದವರು ಕ್ರುದ್ಧರಾಗಿ ಅವರ ಪ್ರತಿಕೃತಿಯನ್ನು ನೇಣಿಗೇರಿಸಿದರು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಮುಗಿಯುತ್ತಿದ್ದರು. ಗೂಲ್ಡರು ಆ ಕೋಪದಲ್ಲಿ ಪತ್ರಿಕೆಗೆ ಬೇಕಾದ ಸಮಸ್ತ ಸಾಮಗ್ರಿಯನ್ನೂ ಕಂಡುಕೊಂಡರು. ಮರುವರ್ಷ, ಎಂದರೆ 1936ರ ಅಕ್ಟೋಬರಿನಿಂದ, ದೇಶದ ನಾನಾ ಕಡೆಯ ಪತ್ರಕರ್ತರ ಮತಗಳನ್ನು ತರಿಸಿ ವಾರಕ್ಕೊಂದು ಪಟ್ಟಿಯನ್ನು ಹೊರಡಿಸತೊಡಗಿದರು. ಒಂದು ಶನಿವಾರದ ಆಟಕ್ಕೂ ಮತ್ತೊಂದು ಶನಿವಾರದ ಆಟಕ್ಕೂ ನಡುವೆ ಜನರ ನಾಲಗೆಗೆ ಕೆಲಸವಿರಲಿ ಎಂಬುದೇ ಉದ್ದೇಶವೆಂದು ಅವರು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅಂದಹಾಗೆ, ಮೊದಲ ಪಟ್ಟಿಯ ನೆತ್ತಿಯ ಮೇಲೆ ಕುಳಿತದ್ದು ಮಿನೆಸೋಟವೇ.

ವೃತ್ತಿಪರ ಲೀಗಿಗೆ ಈ ಪಟ್ಟಿಯ ಅವಶ್ಯಕತೆ ಎಳ್ಳಷ್ಟೂ ಇಲ್ಲ. ಅಲ್ಲಿ ಮುಂದಿನ ಸುತ್ತಿಗೆ ಯಾರೆಂಬುದನ್ನು ಗೆಲುವು ಸೋಲುಗಳೇ ನಿರ್ಣಯಿಸುವುದರಿಂದ ರ‍್ಯಾಂಕಿಂಗಿನಲ್ಲಿ ಮೊದಲಿಗನಾದರೂ ಲಾಭವಿಲ್ಲ, ಕಡೆಯವನಾದರೂ ನಷ್ಟವಿಲ್ಲ. ಲಾಭನಷ್ಟಗಳಿಲ್ಲದ ಕಾರಣದಿಂದಲೇ ಅದು ಕಲಹಕ್ಕೆ ಹೇಳಿ ಮಾಡಿಸಿದಂತಿದೆ ಎಂದು ನನ್ನ ಅನಿಸಿಕೆ. ಈಚೆಗೆ ಇಲ್ಲಿಯೂ ಗಣಿತ ಪ್ರವೇಶಿಸಿದೆ. ಹಂಗೇರಿಯಲ್ಲಿ ಹುಟ್ಟಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಆರ್ಪಾಡ್ ಏಲೊ ಅವರು ಚದುರಂಗದ ಆಟಗಾರರಿಗಾಗಿ ರೂಪಿಸಿದ ಸೂತ್ರವನ್ನೇ ಈಗ ಫುಟ್‌ಬಾಲ್ ತಂಡಗಳಿಗೂ ಅನ್ವಯಿಸುವವರಿದ್ದಾರೆ. ಆ ವಿದ್ಯಾಲಯದ ಹೆಸರಿಗೂ ನಾವು ಮುಂದೆ ಆಡಲಿರುವ ಮಾರ್ಕೆಟ್ಟಿನ ಮಾತಿಗೂ ಸಂಬಂಧವಿಲ್ಲ, ಅದು ಒಬ್ಬ ಫ್ರೆಂಚ್ ಪಾದ್ರಿಯ ಹೆಸರು. ಆದರೆ ಏಲೊ ಅವರ ಮಿಲ್ವಾಕಿಗೂ ನಮ್ಮ ಕಥೆಗೂ ಸಂಬಂಧವುಂಟು. ಏಕೆಂದರೆ 1933ರಿಂದ 1994ರವರೆಗೆ ವರ್ಷವರ್ಷವೂ ಕೆಲವು ಪಂದ್ಯಗಳನ್ನು ಆ ನಗರಕ್ಕೆ ಬಂದು ಆಡಿಹೋಗುತ್ತಿದ್ದುದು ಗ್ರೀನ್ ಬೇ ಎಂಬ ಊರಿನ ಪ್ಯಾಕರ್ಸ್ ತಂಡ.

ಇನ್ನು ಎರಡನೆಯ ಅಳತೆಗೋಲಾದ ಊರಿನ ಗಾತ್ರದ ಜಾತಕ. ಎನ್‌ಎಫ್‌ಎಲ್ ಲೀಗು 1920ರಲ್ಲಿ ಒಹಾಯೊದ ಕ್ಯಾಂಟನ್ ಎಂಬ ಊರಿನ ಮೋಟಾರು ಅಂಗಡಿಯೊಂದರಲ್ಲಿ ಹುಟ್ಟಿತು. ಕುರ್ಚಿಗಳು ಸಾಲದೆ ಬಂದವರು ಮಾರಾಟಕ್ಕಿಟ್ಟ ಹಪ್‌ಮೊಬೀಲ್ ಕಾರುಗಳ ಮೆಟ್ಟಿಲುಹಲಗೆಗಳ ಮೇಲೆ ಕುಳಿತೇ ಸಭೆಯನ್ನು ಮುಗಿಸಿದರು. ಆಗಿನ ತಂಡಗಳ ಊರುಗಳನ್ನು ನೋಡಿ: ಡಿಕೇಟರ್, ರಾಕ್ ಐಲೆಂಡ್, ಮನ್ಸಿ, ತರುವಾಯ ಬಂದವು ಡುಲೂತ್, ಪಾಟ್ಸ್‌ವಿಲ್, ಪೋರ್ಟ್ಸ್‌ಮತ್. ಗಣಿಯೂರುಗಳು, ಕಾರ್ಖಾನೆಯೂರುಗಳು. ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅವುಗಳಲ್ಲಿ ಕೆಲವು ತಂಡಗಳು ಅಳಿದವು, ಉಳಿದವು ದೊಡ್ಡ ಪಟ್ಟಣಗಳಿಗೆ ಗುಳೆ ಹೋದವು: ಡಿಕೇಟರಿನದು ಷಿಕಾಗೊಗೆ, ಪೋರ್ಟ್ಸ್‌ಮತ್‌ನದು ಡೆಟ್ರಾಯ್ಟಿಗೆ. ಅಲುಗಾಡದೆ ನಿಂತದ್ದು ಗ್ರೀನ್ ಬೇ ಒಂದೇ.

1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ತರುಣ ತಾನು ಕೆಲಸಕ್ಕಿದ್ದ ಇಂಡಿಯನ್ ಪ್ಯಾಕಿಂಗ್ ಕಂಪನಿಯೆಂಬ ಮಾಂಸದ ಡಬ್ಬಿಗಳ ಕಾರ್ಖಾನೆಯಿಂದ ಅಂಗಿಗಳಿಗೆಂದು 500 ಡಾಲರುಗಳನ್ನು ಬೇಡಿ ತಂದು ತಂಡ ಕಟ್ಟಿದ. ಪ್ಯಾಕರ್ಸ್ ಎಂಬ ಹೆಸರು ಆ ಡಬ್ಬಿಗಳ ಋಣ. ಹಣವಿಲ್ಲದೆ ಮುಳುಗುವ ಹಾಗಾದಾಗ 1923ರಲ್ಲಿ ಊರಿನವರೇ ಷೇರು ಕೊಂಡು ತಂಡವನ್ನು ತಮ್ಮದಾಗಿಸಿಕೊಂಡರು. 1931ರಲ್ಲಿ ಪ್ರೇಕ್ಷಕನೊಬ್ಬ ಮರದ ಅಟ್ಟಣೆಯಿಂದ ಬಿದ್ದು ದಾವೆ ಹೂಡಿದ, ವಿಮಾ ಕಂಪನಿ ದಿವಾಳಿಯಾಯಿತು, ತಂಡ ನ್ಯಾಯಾಲಯದ ಸುಪರ್ದಿಗೆ ಹೋಯಿತು. 1935ರಲ್ಲಿ ಮತ್ತೆ ಷೇರು. ಇಂದು ಐದು ಲಕ್ಷಕ್ಕೂ ಮೇಲ್ಪಟ್ಟ ಷೇರುದಾರರಿದ್ದಾರೆ. ಅವರಿಗೆ ಲಾಭಾಂಶವಿಲ್ಲ, ಷೇರನ್ನು ಲಾಭಕ್ಕೆ ಮಾರುವಂತಿಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅಷ್ಟೆ. ಊರಿನ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ, ಆಟದಂಗಳದ ಆಸನಗಳು 81,441. ಹಿಮ ಬಿದ್ದ ಮರುದಿನ ಊರಿನವರು ಸಲಿಕೆ ಹಿಡಿದು ಗಂಟೆಯ ಕೂಲಿಗೆ ಮೆಟ್ಟಿಲುಗಳನ್ನು ತೆರವು ಮಾಡಲು ಸಾಲುಗಟ್ಟುತ್ತಾರೆ. ಬೇಸಿಗೆಯ ತಾಲೀಮಿನ ದಿನಗಳಲ್ಲಿ ಊರಿನ ಹುಡುಗರು ತಮ್ಮ ಸೈಕಲ್ಲುಗಳನ್ನು ತಂದು ಕಾಯುತ್ತಿರುತ್ತಾರೆ; ಒಂದೂವರೆ ಕ್ವಿಂಟಾಲು ತೂಗುವ ಮಲ್ಲನೊಬ್ಬ ಮೊಣಕಾಲನ್ನು ಎದೆಗೆ ತಾಗಿಸಿಕೊಂಡು ಆ ಪುಟ್ಟ ಸೈಕಲ್ಲನ್ನು ತುಳಿಯುತ್ತ ಮೈದಾನಕ್ಕೆ ಹೋಗುವಾಗ, ಸೈಕಲ್ಲಿನ ಒಡೆಯ ಆತನ ಶಿರಸ್ತ್ರಾಣವನ್ನು ಎರಡೂ ಕೈಗಳಲ್ಲಿ ಹೊತ್ತು ಪಕ್ಕದಲ್ಲಿ ಓಡುತ್ತಾನೆ.

ಆದರೆ ಪ್ರೀತಿಯೊಂದರಿಂದಲೇ ಟೆಲಿವಿಷನ್ ಯುಗದಲ್ಲಿ ಬದುಕಲಾದೀತೆ? 1950ರ ದಶಕದಲ್ಲಿ ಪ್ರತಿಯೊಂದು ತಂಡವೂ ತನ್ನ ಪಂದ್ಯಗಳನ್ನು ತಾನೇ ಪ್ರಸಾರಕರಿಗೆ ಮಾರಿಕೊಳ್ಳುತ್ತಿತ್ತು. ನೋಡುವ ಕಣ್ಣುಗಳೆಷ್ಟೋ ಬೆಲೆಯೂ ಅಷ್ಟೇ. ಹಾಗೆಯೇ ಬಿಟ್ಟಿದ್ದರೆ ಗ್ರೀನ್ ಬೇ ಕೂಡ ಪಾಟ್ಸ್‌ವಿಲ್‌ನ ದಾರಿಯನ್ನೇ ಹಿಡಿಯುತ್ತಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. 1960ರಲ್ಲಿ, 33ನೆಯ ವಯಸ್ಸಿನಲ್ಲಿ, 23 ಸುತ್ತಿನ ಮತದಾನದ ಬಳಿಕ ಲೀಗಿನ ಆಯುಕ್ತನಾದ ಪೀಟ್ ರೋಜೆಲ್, ಎಲ್ಲ ತಂಡಗಳ ಹಕ್ಕನ್ನೂ ಒಂದೇ ಮೂಟೆಯಾಗಿ ಕಟ್ಟಿ ಮಾರಿ ಬಂದ ಹಣವನ್ನು ಸಮನಾಗಿ ಹಂಚೋಣವೆಂದು ಸೂಚಿಸಿದ. ಬಡವರು ಒಪ್ಪುವುದು ಸಹಜ. ಒಪ್ಪಿಸಬೇಕಾಗಿದ್ದುದು ಲಾಸ್ ಏಂಜಲಿಸ್, ಷಿಕಾಗೊ, ನ್ಯೂಯಾರ್ಕುಗಳ ಒಡೆಯರನ್ನು. ಅವರೊಳಗೆ ಅತ್ಯಧಿಕ ನಷ್ಟ ಯಾರಿಗಿತ್ತೋ ಆ ನ್ಯೂಯಾರ್ಕ್ ಜೈಂಟ್ಸ್ ತಂಡದ ಮಾರಾ ಸಹೋದರರು, ಸರಪಳಿಯ ಬಲ ಅದರ ಕೃಶವಾದ ಕೊಂಡಿಯಷ್ಟೇ ಎಂಬುದನ್ನು ಮನಗಂಡು ತಲೆಯಾಡಿಸಿದರು. ಕೂಡಲೇ ಫಿಲಡೆಲ್ಫಿಯದ ನ್ಯಾಯಾಧೀಶರು ಇದು ಸ್ಪರ್ಧೆಯನ್ನು ಕೊಲ್ಲುವ ಒಪ್ಪಂದವೆಂದು ತಳ್ಳಿಹಾಕಿದರು. ರೋಜೆಲ್ ವಾಷಿಂಗ್ಟನ್ನಿಗೆ ಓಡಿದ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅಷ್ಟೇ ಬೇಗನೆ ಶಾಸನವನ್ನು ಮಾಡಿತು. 1961ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ಕೆನಡಿ ಸಹಿ ಹಾಕಿದರು. ಸಿಬಿಎಸ್ ಸಂಸ್ಥೆ ವರ್ಷಕ್ಕೆ 46 ಲಕ್ಷ 50 ಸಾವಿರ ಡಾಲರು ಕೊಡಲೊಪ್ಪಿತು. 14 ತಂಡಗಳಿಗೆ ತಲಾ ಸುಮಾರು 3 ಲಕ್ಷ 30 ಸಾವಿರ. ನ್ಯೂಯಾರ್ಕಿಗೂ ಅಷ್ಟೇ, ಗ್ರೀನ್ ಬೇಗೂ ಅಷ್ಟೇ.

ಈ ಔದಾರ್ಯಕ್ಕೆ ವಿಧಿ ಕೊಟ್ಟ ಪ್ರತಿಫಲ ವಿನೋದಮಯವಾದುದು. ಅದೇ 1961ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ನಡೆದ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ತರಬೇತುದಾರ ವಿನ್ಸ್ ಲೊಂಬಾರ್ಡಿಯ ಪ್ಯಾಕರ್ಸ್ ತಂಡ ಅದೇ ಮಾರಾ ಸಹೋದರರ ಜೈಂಟ್ಸ್ ತಂಡವನ್ನು 37-0ರಿಂದ ಮಣ್ಣುಮುಕ್ಕಿಸಿತು. ಮರುವರ್ಷ ನ್ಯೂಯಾರ್ಕಿಗೇ ಹೋಗಿ 16-7ರಿಂದ ಮತ್ತೊಮ್ಮೆ.

ಇಂತು ಊರಿನ ಗಾತ್ರವನ್ನು ತಂಡದ ಬಲದಿಂದ ಬಿಡಿಸಿದ್ದಾಯಿತಾದರೂ ಅಭಿಮಾನಿಯ ಮನಸ್ಸಿನಲ್ಲಿ ಅವೆರಡರ ಗಂಟು ಬಿಚ್ಚಲಿಲ್ಲ. ನೀಲ್ಸನ್ ಸಂಸ್ಥೆ ದೇಶವನ್ನು 210 ಟೀವಿ ಮಾರ್ಕೆಟ್ಟುಗಳಾಗಿ ವಿಂಗಡಿಸಿ ಮನೆಗಳನ್ನು ಎಣಿಸುತ್ತದೆ. ನ್ಯೂಯಾರ್ಕಿನಲ್ಲಿ 70 ಲಕ್ಷಕ್ಕೂ ಮಿಕ್ಕ ಟೀವಿ ಮನೆಗಳಾದರೆ ಗ್ರೀನ್ ಬೇ ಸೀಮೆಯಲ್ಲಿ ನಾಲ್ಕೂವರೆ ಲಕ್ಷದ ಆಸುಪಾಸು. ಗಾತ್ರವೇ ಬಲವಾಗಿದ್ದರೆ ನ್ಯೂಯಾರ್ಕಿನ ಇನ್ನೊಂದು ತಂಡವಾದ ಜೆಟ್ಸ್ 1969ರ ಜನವರಿಯಲ್ಲಿ ಗೆದ್ದ ಒಂದೇ ಒಂದು ಸೂಪರ್ ಬೌಲ್ ಎಂಬ ಚಾಂಪಿಯನ್ ಪಟ್ಟವನ್ನು ಇಂದಿಗೂ ಸ್ಮರಿಸುತ್ತ ಕೂರಬೇಕಾಗಿರಲಿಲ್ಲ. ದೇಶದ ಎರಡನೆಯ ದೊಡ್ಡ ಮಾರ್ಕೆಟ್ಟಾದ ಲಾಸ್ ಏಂಜಲಿಸಿನಲ್ಲಂತೂ 1995ರಿಂದ 2015ರವರೆಗೆ, 21 ಋತುಗಳ ಕಾಲ, ಒಂದು ತಂಡವೂ ಇರಲಿಲ್ಲ. ಲೀಗಿನ ಬೊಕ್ಕಸ ಅದರಿಂದ ಸೊರಗಲೂ ಇಲ್ಲ. ಹಾಗೆಂದು ಸಣ್ಣ ಊರಿನವರ ಗೊಣಗಾಟವೆಲ್ಲ ಹುಸಿಯಲ್ಲ. ಆಟದಂಗಳದ ಐಷಾರಾಮಿ ಕೋಣೆಗಳ ಬಾಡಿಗೆ, ಸ್ಥಳೀಯ ಜಾಹೀರಾತು ಮುಂತಾದವು ಸಮಪಾಲಿಗೆ ಬಾರದೆ ಒಡೆಯನ ಜೇಬಿಗೇ ಇಳಿಯುತ್ತವೆ; ಡಲ್ಲಾಸ್ ತಂಡದ ಒಡೆಯ ಜೆರ‍್ರಿ ಜೋನ್ಸ್ 1995ರಲ್ಲಿ ತಂಪುಪಾನೀಯ, ಪಾದರಕ್ಷೆಗಳ ಕಂಪನಿಗಳೊಡನೆ ತನ್ನದೇ ಕರಾರು ಮಾಡಿಕೊಂಡು ಲೀಗಿನೊಡನೆ ವ್ಯಾಜ್ಯಕ್ಕೆ ನಿಂತದ್ದು ಈ ಬಿರುಕಿನಲ್ಲೇ. ರಾತ್ರಿಯ ಮುಖ್ಯ ಪ್ರಸಾರಕ್ಕೆ ಆತನ ತಂಡ ಮತ್ತೆಮತ್ತೆ ಆಯ್ಕೆಯಾಗುವುದೂ ನಿಜವೇ.

ಆ ಸಮಪಾಲು ಎಷ್ಟೆಂಬುದು ಜಗತ್ತಿಗೆ ತಿಳಿಯುವ ಬಗೆಯೂ ಕುತೂಹಲಕರ. 31 ತಂಡಗಳ ಒಡೆಯರು ತಮ್ಮ ಲೆಕ್ಕಪುಸ್ತಕಗಳನ್ನು ಯಾರಿಗೂ ತೋರಿಸುವುದಿಲ್ಲ, ತೋರಿಸಬೇಕಾದ ಹಂಗೂ ಅವರಿಗಿಲ್ಲ. ಸಾರ್ವಜನಿಕರ ಸೊತ್ತಾದುದರಿಂದ ಗ್ರೀನ್ ಬೇ ಮಾತ್ರ ತೋರಿಸಬೇಕು. ವರ್ಷಕ್ಕೊಮ್ಮೆ, ಜುಲೈ ತಿಂಗಳಲ್ಲಿ, ಷೇರುದಾರರು ಹಸಿರು ಹಳದಿ ಅಂಗಿಗಳನ್ನು ತೊಟ್ಟು ಮೈದಾನದ ಮೆಟ್ಟಿಲುಗಳ ಮೇಲೆ ಬಿಸಿಲಲ್ಲಿ ಕುಳಿತು ತಂಡದ ಆಯವ್ಯಯವನ್ನು ಕೇಳುತ್ತಾರೆ. ಅದರಲ್ಲಿ ಲೀಗಿನಿಂದ ಬಂದ ಪಾಲು ಎಂಬ ಬಾಬಿಗಾಗಿ ನ್ಯೂಯಾರ್ಕಿನ, ಡಲ್ಲಾಸಿನ ಪತ್ರಕರ್ತರೂ ಕಾದಿರುತ್ತಾರೆ, ಏಕೆಂದರೆ ತಮ್ಮ ಊರಿನ ತಂಡಕ್ಕೆ ಸಂದದ್ದೆಷ್ಟೆಂಬುದು ಅವರಿಗೂ ಗೊತ್ತಾಗುವುದು ಅಲ್ಲಿಂದಲೇ. 2025ರಲ್ಲಿ ಆ ಬಾಬಿನ ಮುಂದೆ ಇದ್ದದ್ದು 43 ಕೋಟಿ 26 ಲಕ್ಷ ಡಾಲರು.