ಎಲೆಕೋಸು ತೂಗುಹಾಕಿದ್ದೇಕೆ?

ಇಲ್ಲಿ ಕೆನಡಾದಲ್ಲಿ ಹಿಮ ಬಿದ್ದು ನಮ್ಮ ಹಿತ್ತಲಿನ ಕೋಳಿಗಳು ಗೂಡಿನೊಳಗೇ ಉಳಿದಾಗ, ಒಂದರ ಬೆನ್ನು ಬೋಳಾಯ್ತು. ಹೇನಿರಬಹುದು ಅಂತ ಹುಡುಕಿದೆವು, ಇರಲಿಲ್ಲ. ಜೊತೆಯ ಕೋಳಿಗಳೇ ಪುಕ್ಕ ಕೀಳ್ತಿದ್ದವು!

ಇದು ಜಗಳವಲ್ಲ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಅದು ಹಗಲಿನ ಬಹುಪಾಲು ಹೊತ್ತು ನೆಲ ಕೆದಕಿ, ಕುಕ್ಕಿ ಮೇವು ಹುಡುಕುತ್ತೆ. ತಟ್ಟೆಯಲ್ಲಿ ಹಾಕಿದ್ದನ್ನು ತಿಂದು ಹೊಟ್ಟೆ ತುಂಬಿದರೂ ಕುಕ್ಕುವ ಆಸೆ ಹೋಗಲ್ಲ. ಕೊಕ್ಕು ಪಕ್ಕದ ಕೋಳಿಯ ಪುಕ್ಕಕ್ಕೆ ತಿರುಗುತ್ತೆ.

ಹಾಗಾಗಿ ನೆಲಕ್ಕೆ ಒಣಹುಲ್ಲು ಹರಡಿ ಕಾಳು ಎರಚಿದೆವು, ಇಡೀ ಎಲೆಕೋಸನ್ನು ಕೋಳಿಯ ತಲೆಯ ಮಟ್ಟಕ್ಕೆ ತೂಗುಹಾಕಿದೆವು. ಕುಕ್ಕಿದಾಗೆಲ್ಲ ತೂಗಾಡುತ್ತೆ, ಬೇಗ ಮುಗಿಯಲ್ಲ. ದಾರ ನುಂಗಿದರೆ ಅಪಾಯ, ಸರಪಳಿ ಬಳಸಿ. ಇಂಥ ತಿಂಡಿ ಮೇವಿನ 10% ಮೀರದಿರಲಿ.

ಬೋಳು ಬೆನ್ನಿನಲ್ಲಿ ಈಗ ಹೊಸ ಪುಕ್ಕ ಮೂಡ್ತಿದೆ.