ತೂಬುಕೊಳವೆಯ ಬದಿಯ ಕಳ್ಳದಾರಿ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಎರೆಭೂಮಿಯ ಸ್ವಭಾವವನ್ನು ಬಲ್ಲವರು ಬಲ್ಲರು. ಮಳೆಯಲ್ಲಿ ಉಬ್ಬಿ ಒಂದಾಗುವ ಈ ಮಣ್ಣು ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಇಂಥ ಮಣ್ಣಿನ ಏರಿಯಲ್ಲಿ ನೀರು ಹೊರಬಿಡಲು ಕೊಳವೆಯನ್ನು ಹೂತರೆ, ಮಣ್ಣು ಕುಗ್ಗುತ್ತದೆ, ಕೊಳವೆ ಕುಗ್ಗುವುದಿಲ್ಲ. ಎರಡರ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಏರಿಯ ಕೆಳಗಣ ತೊಗರಿ ಹೊಲಗಳಿಗೂ ಮನೆಗಳಿಗೂ ಒದಗಬಹುದಾದ ಅಪಾಯದ ಮೊದಲ ಹೆಜ್ಜೆ ಈ ಸಂದು.

ಏರಿಯ ಮೂಲಕ ನೀರು ಅಲ್ಪಸ್ವಲ್ಪ ಒಸರುವುದು ಸಹಜವೇ ಸರಿ. ನೀರಿನ ಮಟ್ಟದ ವ್ಯತ್ಯಾಸವನ್ನು ದಾರಿಯ ಉದ್ದದಿಂದ ಭಾಗಿಸಿದರೆ ದೊರೆಯುವ ಪ್ರವಣತೆಗೆ ಒಸರಿನ ವೇಗವು ಅನುಪಾತದಲ್ಲಿರುತ್ತದೆಂದು ಫ್ರಾನ್ಸಿನ ಡಾರ್ಸಿ 1856ರಲ್ಲಿ ತೋರಿಸಿದನು. 4 ಮೀಟರು ನೀರಿಗೆ 20 ಮೀಟರು ದಾರಿಯಿದ್ದರೆ ಪ್ರವಣತೆ 0.2. ಚೆನ್ನಾಗಿ ದಮ್ಮಸು ಮಾಡಿದ ಜಿಗುಟುಮಣ್ಣಿನಲ್ಲಿ ಇದರಿಂದ ಭಯವಿಲ್ಲ. ಸಂದಿನ ಲೆಕ್ಕವೇ ಬೇರೆ. ಅಲ್ಲಿ ನೀರು ನಿಧಾನವಾಗಿ ಹರಿಯುವಾಗಲೂ ಹರಿವು ಅಗಲದ ಘನಕ್ಕೆ ಅನುಗುಣವಾಗಿರುತ್ತದೆ; ಅಗಲ ಇಮ್ಮಡಿಯಾದರೆ ಹರಿವು ಎಂಟುಮಡಿ! ಹೆಚ್ಚಿದ ನೀರು ಮಣ್ಣಿನ ಕಣಗಳನ್ನು ಕಿತ್ತೊಯ್ಯುತ್ತದೆ, ಸಂದು ಹಿಗ್ಗುತ್ತದೆ, ಹರಿವು ಮತ್ತೂ ಹೆಚ್ಚುತ್ತದೆ. ಆದುದರಿಂದ ಹೊರಬರುವ ನೀರು ಎಷ್ಟು ಎಂಬುದಕ್ಕಿಂತ ಅದು ತಿಳಿಯೋ ಕದಡಿದೆಯೋ ಎಂಬುದನ್ನು ಮೊದಲು ನೋಡತಕ್ಕದ್ದು. ಕದಡಿದ್ದರೆ ಏರಿಯೇ ಹೊರಗೆ ಹರಿಯುತ್ತಿದೆಯೆಂದರ್ಥ. 1976ರಲ್ಲಿ ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ ಕೊರೆತ ಮೊದಲಾದುದು ತೂಬಿನ ಬಳಿಯಲ್ಲಲ್ಲ. ಆದರೆ ಬೆಳಿಗ್ಗೆ ಕೆಸರುನೀರು ಕಾಣಿಸಿಕೊಂಡು, ನಡುಹಗಲಿಗೆ ಮುನ್ನವೇ 93 ಮೀಟರು ಎತ್ತರದ ಆ ಕಟ್ಟೆ ಒಡೆದುಹೋಯಿತು.

ಹಿಂದೆ ಕೊಳವೆಗೆ ಅಲ್ಲಲ್ಲಿ ಕಾಂಕ್ರೀಟಿನ ಕೊರಳುಪಟ್ಟಿಗಳನ್ನು ತೊಡಿಸುತ್ತಿದ್ದರು. ಸುತ್ತಲೂ 60 ಸೆಂಟಿಮೀಟರು ಚಾಚಿದ ಮೂರು ಪಟ್ಟಿಗಳು ದಾರಿಗೆ ಕೂಡಿಸುವುದು 3.6 ಮೀಟರು; ಪ್ರವಣತೆ 0.2ರಿಂದ 0.17ಕ್ಕೆ ಇಳಿಯುತ್ತದೆ, ಅಷ್ಟೇ. ಮೇಲಾಗಿ ಪಟ್ಟಿಗಳ ಮಗ್ಗುಲಿಗೆ ದಮ್ಮಸು ಸರಿಯಾಗಿ ತಾಗದು. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯು 1980ರ ದಶಕದಲ್ಲಿ ಇವನ್ನು ಬಿಟ್ಟು ಮರಳಿನ ಸೋಸುಪದರವನ್ನು ಹಿಡಿಯಿತು. ಇದೇ ಮೇಲೆಂದು ನನ್ನ ಎಣಿಕೆ. ಕೊಳವೆಯ ಹೊರಭಾಗದ ಹತ್ತಿರ ಅದರ ಸುತ್ತಲೂ ಮರಳನ್ನು ತುಂಬಿ, ಸೋಸಿದ ನೀರಿಗೆ ಏರಿಯ ಬುಡದವರೆಗೆ ದಾರಿ ಮಾಡುತ್ತಾರೆ. ಮರಳಿನ ರಂಧ್ರಗಳು ಮಣ್ಣಿನ ದಪ್ಪ ಕಣಗಳನ್ನು ತಡೆಯುತ್ತವೆ. ಆ ಕಣಗಳು ಸಣ್ಣವನ್ನು ತಡೆಯುತ್ತವೆ. ನೀರು ಮಾತ್ರ ಹೊರಡುತ್ತದೆ. ಶುದ್ಧ ಮರಳಿಗೆ ಅಂಟಿಲ್ಲವಾದ್ದರಿಂದ ಅದರಲ್ಲಿ ಬಿರುಕು ನಿಲ್ಲುವುದೂ ಇಲ್ಲ.

ಹಾಗೆಂದು ದಮ್ಮಸಿನಲ್ಲಿ ಉದಾಸೀನ ಸಲ್ಲದು. ಕೊಳವೆಯ ಅಡಿಯ ಇಕ್ಕೆಲಗಳಲ್ಲಿ, ಯಂತ್ರ ನಿಲುಕದ ಕಡೆ, ಹಸಿಮಣ್ಣನ್ನು ತೆಳುಪದರಗಳಲ್ಲಿ ಹಾಕಿ ಕೈದಮ್ಮಸಿನಿಂದಲೇ ಬಡಿಯಬೇಕು. ಶಹಾಬಾದ್, ವಾಡಿಗಳ ಕಡೆ ತಳದ ಸುಣ್ಣಕಲ್ಲನ್ನೂ ಪರೀಕ್ಷಿಸಬೇಕು. ನೆಲಹಾಸಿಗೆ ಹಾಳೆಹಾಳೆಯಾಗಿ ಬಿಡಿಸಿಕೊಡುವ ಅದರ ಸಂದುಗಳೇ ನೀರಿಗೂ ದಾರಿಯಾದಾವು.

ಒಸರು ಕಂಡಾಗ ಹೊರಬಾಯಿಗೆ ಜಿಗುಟುಮಣ್ಣು ಮೆತ್ತುವುದು ಕೂಡದು. ಒಳಗೆ ಒತ್ತಡ ಏರಿ ನೀರು ಮತ್ತೊಂದು ಕಡೆ ಬಾಯಿ ತೆರೆಯುತ್ತದೆ. ಅಲ್ಲಿ ಮರಳು ಹರಡಿ, ಮೇಲೆ ಜಲ್ಲಿ ಹೇರಿ, ಕೆರೆಯ ನೀರನ್ನು ಇಳಿಸಲು ತೊಡಗಬೇಕು. ನೀರು ಕದಡಿದ್ದರೆ ಕೆಳಗಣ ಮನೆಗಳವರಿಗೆ ಕೂಡಲೆ ತಿಳಿಸಬೇಕು.