ಪ್ರವಾಸ ಕೈಪಿಡಿಗಳನ್ನು ಪರೀಕ್ಷಿಸುವ ಬಗೆ



ಪ್ರವಾಸದ ಕೈಪಿಡಿಯನ್ನು ಕೊಳ್ಳುವವನ ಸ್ಥಿತಿ ಸ್ವಲ್ಪ ವಿಚಿತ್ರವಾದುದು. ಬಟ್ಟೆಯನ್ನು ಕೊಳ್ಳುವವನು ಅದನ್ನು ಮುಟ್ಟಿ ನೋಡಬಹುದು. ಹಣ್ಣನ್ನು ಕೊಳ್ಳುವವನು ಮೂಸಿ ನೋಡಬಹುದು. ಕೈಪಿಡಿಯನ್ನು ಕೊಳ್ಳುವವನಾದರೋ ತಾನು ಕಾಣದ ಊರಿನ ವಿಷಯವನ್ನು ತಿಳಿಯಬೇಕೆಂದೇ ಅದನ್ನು ಕೊಳ್ಳುತ್ತಾನೆ. ಆದಕಾರಣ ಅದರಲ್ಲಿ ಬರೆದುದು ದಿಟವೋ ಅಲ್ಲವೋ ಎಂದು ಅಂಗಡಿಯಲ್ಲಿ ನಿಂತು ನಿರ್ಣಯಿಸುವ ಶಕ್ತಿ ಅವನಿಗಿರುವುದಿಲ್ಲ. ಊರಿಗೆ ಹೋಗಿ ಪುಸ್ತಕದ ದೋಷವನ್ನು ಕಾಣುವ ಹೊತ್ತಿಗೆ ಹಣವೂ ರಜೆಯೂ ವ್ಯಯವಾಗಿರುತ್ತವೆ. ಈ ತೊಡಕಿಗೆ ಪರಿಹಾರವುಂಟೆ? ಉಂಟು, ಅದು ಬಹು ಸುಲಭವಾದುದು. ನೋಡಬೇಕೆಂದಿರುವ ಊರಿನ ಪುಟವನ್ನು ತೆರೆಯುವುದಕ್ಕೆ ಮೊದಲು ನೀವು ಬಲ್ಲ ಊರಿನ ಪುಟವನ್ನು ತೆರೆದು ಓದಿರಿ. ಬಲ್ಲ ಊರಿನ ವಿಷಯದಲ್ಲಿ ಗ್ರಂಥಕರ್ತನು ಹೇಗೆ ನಡೆದುಕೊಂಡಿರುವನೋ ಅರಿಯದ ಊರಿನ ವಿಷಯದಲ್ಲಿಯೂ ಹಾಗೆಯೇ ನಡೆದುಕೊಂಡಿರುವನೆಂದು ಊಹಿಸುವುದರಲ್ಲಿ ತಪ್ಪಿಲ್ಲ.

ಈ ಬಗೆಯ ಗ್ರಂಥಗಳು ಹೊಸವೇನೂ ಅಲ್ಲ. ಕ್ರಿಸ್ತಶಕ 2ನೆಯ ಶತಮಾನದಲ್ಲಿ ಪೌಸಾನಿಯಸನೆಂಬ ಗ್ರೀಕನು ತನ್ನ ದೇಶವನ್ನು ಸುತ್ತಿ ಹತ್ತು ಭಾಗಗಳ ವರ್ಣನೆಯನ್ನು ಬರೆದನು. ಆಧುನಿಕ ಕೈಪಿಡಿಗೆ ಅದರ ರೂಪವನ್ನು ಕೊಟ್ಟವರು 19ನೆಯ ಶತಮಾನದ ಇಬ್ಬರು ಪ್ರಕಾಶಕರು: ಲಂಡನ್ನಿನ ಜಾನ್ ಮರ್ರೆ ಮತ್ತು ಜರ್ಮನಿಯ ಕಾರ್ಲ್ ಬೇಡೆಕರ್. ಮರ್ರೆಯ ಮೊದಲನೆಯ ಕೈಪಿಡಿ 1836ರಲ್ಲಿ ಹೊರಬಂದಿತು; ಮದರಾಸು ಮತ್ತು ಮುಂಬಯಿ ಪ್ರಾಂತಗಳನ್ನು ಕುರಿತು ಈಸ್ಟ್‌ವಿಕ್ ಎಂಬ ವಿದ್ವಾಂಸನು ಬರೆದ ಸಂಪುಟಗಳನ್ನು ಅದೇ ಸಂಸ್ಥೆ 1859ರಲ್ಲಿ ಪ್ರಕಟಿಸಿತು. ಬೇಡೆಕರನ ವಿಷಯದಲ್ಲಿ ಒಂದು ಕಥೆಯುಂಟು. ಮಿಲಾನ್ ನಗರದ ದೊಡ್ಡ ಇಗರ್ಜಿಯ ಮೇಲ್ಮಾಡಿಗೆ ಹತ್ತುವಾಗ ಅವನು ಇಪ್ಪತ್ತು ಮೆಟ್ಟಿಲಿಗೊಂದರಂತೆ ಬಟಾಣಿ ಕಾಳನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಳ್ಳುತ್ತ ಹೋಗಿ, ಇಳಿಯುವಾಗ ಅದೇ ಲೆಕ್ಕವನ್ನು ಪುನಃ ತಾಳೆನೋಡಿದನಂತೆ. ಕಾಲುಗಳಿಂದ ಬರೆದ ಪುಸ್ತಕಕ್ಕೂ ಕತ್ತರಿಯಿಂದ ಬರೆದ ಪುಸ್ತಕಕ್ಕೂ ಇರತಕ್ಕ ಅಂತರ ಆ ಬಟಾಣಿ ಕಾಳಿನಲ್ಲಿದೆ.

ಪರೀಕ್ಷೆಗೆ ಒಂದು ಊರು ಬೇಕಷ್ಟೆ. ಕಲಬುರಗಿಯನ್ನು ತೆಗೆದುಕೊಳ್ಳೋಣ. 1347ರಲ್ಲಿ ಸ್ಥಾಪಿತವಾದ ಬಹಮನೀ ರಾಜ್ಯಕ್ಕೆ ಅದು ಮೊದಲ ರಾಜಧಾನಿ. ಕೋಟೆ, ಜಾಮಿ ಮಸೀದಿ, ಹಫ್ತ್ ಗುಂಬಜ್ ಎಂಬ ಗೋರಿಗಳ ಸಮೂಹ, ಖ್ವಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ದೇವಾಲಯ, ಇಷ್ಟನ್ನೂ ಉಳ್ಳ ನಗರ. ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ದೊರೆಯುವುದು ಒಂದೆರಡು ಪುಟ. ಪರೀಕ್ಷೆಗೆ ಅಷ್ಟು ಸಾಕು.

ಮೊದಲನೆಯ ಪರೀಕ್ಷೆ ಕಾಲದ್ದು. ಕೈಪಿಡಿಯಲ್ಲಿ ಎರಡು ಬಗೆಯ ಸಂಗತಿಗಳಿರುತ್ತವೆ: ಬಾಳತಕ್ಕವು, ಬಾಡತಕ್ಕವು. ಮಸೀದಿಯ ಕಮಾನು ಬಾಳುತ್ತದೆ. ರೈಲಿನ ವೇಳೆಯೂ ವಸತಿಗೃಹದ ಬಾಡಿಗೆಯೂ ಬಾಡುತ್ತವೆ. ಕಲಬುರಗಿಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಗುಲ್ಬರ್ಗವೆಂಬ ಅಧಿಕೃತ ನಾಮವು 2014ರಲ್ಲಿ ಕಲಬುರಗಿಯಾಯಿತು. ವಿಮಾನ ನಿಲ್ದಾಣವು 2019ರಲ್ಲಿ ತೆರೆಯಿತು. ಹಳೆಯ ಪುಸ್ತಕದಲ್ಲಿ ಇವಿಲ್ಲದಿರುವುದು ದೋಷವಲ್ಲ. ಹೊಸ ರಟ್ಟಿನೊಳಗೆ ಹಳೆಯ ಸಂಗತಿಯನ್ನು ತುಂಬುವುದು ದೋಷ. ಇದನ್ನು ಹಿಡಿಯಲು ಈ ಜಿಲ್ಲೆಯಲ್ಲಿಯೇ ಒಳ್ಳೆಯ ಒರೆಗಲ್ಲು ಉಂಟು, ಅದು ಸನ್ನತಿ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಗುಡಿಯೊಂದರ ಮಾಡು ಕುಸಿದಾಗ ಅಶೋಕನ ಶಾಸನವುಳ್ಳ ಕಲ್ಲು ಬೆಳಕಿಗೆ ಬಂದಿತು. ಬಳಿಕ ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧ ಸ್ತೂಪದ ಅವಶೇಷಗಳೂ, ಅಶೋಕನ ಹೆಸರನ್ನು ಕೆತ್ತಿದ ಅವನ ಶಿಲ್ಪವೂ ದೊರೆತುವು. ಇಂದು ಮುದ್ರಿತವಾದ ಪುಸ್ತಕವು ಈ ವಿಷಯದಲ್ಲಿ ಮೌನವಾಗಿದ್ದರೆ ಅದರ ತಿರುಳು 1986ಕ್ಕೆ ಹಿಂದಿನದೆಂದು ತಿಳಿಯಬಹುದು.

ಎರಡನೆಯ ಪರೀಕ್ಷೆ ಕಣ್ಣಿನದು. ಬರೆದವನು ನೋಡಿ ಬರೆದನೋ, ಬರೆದುದನ್ನು ನೋಡಿ ಬರೆದನೋ? ಕೋಟೆಯೊಳಗಿನ ಜಾಮಿ ಮಸೀದಿಯು ಸ್ಪೇನ್ ದೇಶದ ಕಾರ್ಡೋವಾ ನಗರದ ಮಸೀದಿಯ ಪ್ರತಿಕೃತಿಯೆಂಬ ಮಾತು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹರಿದುಬಂದಿದೆ. ಹೋಲಿಕೆಗೆ ಕಾರಣವಿಲ್ಲದಿಲ್ಲ. 1367ರ ಶಾಸನವುಳ್ಳ ಈ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಮಾಡು ಉಂಟು. ಭಾರತದ ದೊಡ್ಡ ಮಸೀದಿಗಳಲ್ಲಿ ಇದು ಬಹು ಅಪರೂಪ. ಆದರೆ ಕಾರ್ಡೋವಾದ ಮಸೀದಿಗೆ ಕಿತ್ತಳೆಯ ಮರಗಳಿಂದ ಪ್ರಸಿದ್ಧವಾದ ವಿಶಾಲವಾದ ಅಂಗಳವುಂಟಷ್ಟೆ! ಅಲ್ಲಿಯವು ತೆಳುವಾದ ಕಂಬಗಳು, ಅವುಗಳ ಮೇಲೆ ಎರಡಂತಸ್ತಿನ ಕಮಾನುಗಳು. ಇಲ್ಲಿಯವು ಕುಳ್ಳಾದ ದಪ್ಪ ಕಂಬಗಳು, ಅಗಲವಾದ ಕಮಾನುಗಳು, ಮಧ್ಯದಲ್ಲಿ ದೊಡ್ಡ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ನಾಲ್ಕು. ಎರಡರ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದವನು ಪ್ರತಿಕೃತಿಯೆಂಬ ಪದವನ್ನು ಬಳಸಲಾರನು. ಒಳ್ಳೆಯ ಕೈಪಿಡಿಯು ಅಂಗಳವಿಲ್ಲವೆಂಬುದನ್ನು ತಿಳಿಸಿ, ನೆರಳು ಬೆಳಕುಗಳು ಅದರಿಂದ ಹೇಗೆ ಬೇರೆಯಾಗುತ್ತವೆಂಬುದನ್ನು ನೋಡುವವನ ಗಮನಕ್ಕೆ ತರುತ್ತದೆ.

ಅತಿಶಯೋಕ್ತಿಗಳನ್ನು ಕೂಡ ಹೀಗೆಯೇ ಅಳೆಯಬೇಕು. ಕೋಟೆಯ ಬಾರಾ ಗಜಿ ತೋಪನ್ನು ಜಗತ್ತಿನಲ್ಲೇ ಅತಿ ಉದ್ದವಾದುದೆಂದು ಹೊಗಳುವ ಬರೆಹಗಳುಂಟು. ಹೆಸರಿನ ಪ್ರಕಾರ ಅದು ಹನ್ನೆರಡು ಗಜ. ಪ್ರಕಟವಾದ ಅಳತೆ 29 ಅಡಿ. ಮೂರಡಿಯ ಗಜವಾದರೆ ಹನ್ನೆರಡಕ್ಕೆ 36 ಅಡಿಯಾಗಬೇಕಲ್ಲವೆ? ಅಳತೆಯನ್ನು ಕೊಟ್ಟವನು ನಮ್ಮ ಕೈಗೆ ದಾರವನ್ನು ಕೊಟ್ಟಂತಾಯಿತು. ಅತಿ ಉದ್ದವೆಂದಷ್ಟೇ ಹೇಳಿದವನು ಬರಿಯ ಉದ್ಗಾರವನ್ನು ಕೊಟ್ಟನು.

ಮೂರನೆಯ ಪರೀಕ್ಷೆ: ಈ ಪುಸ್ತಕ ಯಾರಿಗಾಗಿ? ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಳಖೇಡವಿದೆ. ಪರದೇಶದವರಿಗೆಂದು ಬರೆದ ಕೈಪಿಡಿಯು ಪಾಳುಬಿದ್ದ ಕೋಟೆಯೆಂದು ಅದನ್ನು ಒಂದು ಸಾಲಿನಲ್ಲಿ ಮುಗಿಸಿದರೆ ಅದನ್ನು ತಪ್ಪೆನ್ನಲಾಗದು. ಆದರೆ ರಾಷ್ಟ್ರಕೂಟರ ಮಾನ್ಯಖೇಟವು ಅದೇ. ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಕವಿರಾಜಮಾರ್ಗವು ಹುಟ್ಟಿದ್ದು ಅಲ್ಲಿಯೇ. ಮಾಧ್ವರಿಗೆ ಅದು ಜಯತೀರ್ಥರ ಕ್ಷೇತ್ರ. ಕನ್ನಡದ ಓದುಗನಿಗೆ ಕಾಗಿಣಾ ನದಿಯ ತೀರದ ಆ ಕಲ್ಲುಗಳು ಬರಿಯ ಕಲ್ಲುಗಳಲ್ಲ. ಆದುದರಿಂದ ಪುಸ್ತಕದ ಉಪಯೋಗವು ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ಓದುವವನು ಏನನ್ನು ಹೊತ್ತುಕೊಂಡು ಹೋಗುತ್ತಾನೆಂಬುದರಲ್ಲಿಯೂ ಇದೆ. ಕನ್ನಡದಲ್ಲಿ ಬರೆದ ಕೈಪಿಡಿಯೇ ಇಂಗ್ಲಿಷ್ ಕೈಪಿಡಿಯ ತೂಕವನ್ನು ಎರವಲು ಪಡೆದು ಮಳಖೇಡವನ್ನು ಬಿಟ್ಟುಬಿಟ್ಟರೆ ಮಾತ್ರ ಅದನ್ನು ಕ್ಷಮಿಸಲಾಗದು.

ನಾಲ್ಕನೆಯದು ಮೌನದ ಪರೀಕ್ಷೆ. ಇದೇ ಎಲ್ಲಕ್ಕಿಂತ ಕಠಿನವಾದುದು, ಏಕೆಂದರೆ ಇದನ್ನು ಆ ಊರಿನವರು ಮಾತ್ರ ಮಾಡಬಲ್ಲರು. ಕಲಬುರಗಿಯಲ್ಲಿ ಮೋಮಿನಪುರವೆಂಬ ಬಡಾವಣೆಯುಂಟು. ಕೋಟೆಗೆ ಒಂದು ಕಂಡಿಕೆ, ದರ್ಗಾಕ್ಕೆ ಒಂದು ಕಂಡಿಕೆ ಮೀಸಲಿಡುವ ಕೈಪಿಡಿಗಳಲ್ಲಿ ಇಂಥ ಬಡಾವಣೆಯ ಹೆಸರು ಬರುವುದು ಅಪರೂಪ. ಅಲ್ಲಿ ನೋಡತಕ್ಕದ್ದೇನಿದೆ ಎಂದು ಕೇಳಬಹುದು. ಹೆಸರನ್ನೇ ನೋಡಿರಿ. ಮೋಮಿನ್ ಎಂಬುದು ಅರಬ್ಬೀ ಪದ; ಶ್ರದ್ಧಾವಂತನೆಂದು ಅದರ ಅರ್ಥ. ಹಿಂದೂಸ್ಥಾನದ ಹಲವು ಭಾಗಗಳಲ್ಲಿ ನೇಕಾರ ಸಮುದಾಯಗಳು ಈ ಹೆಸರನ್ನು ಧರಿಸಿವೆ, ನಾಗಪುರದಲ್ಲಿಯೂ ಮೋಮಿನಪುರವುಂಟು. ಒಂದು ಬಡಾವಣೆಯ ಹೆಸರಿನ ಮೂಲಕ ಮತ, ಕಸುಬು, ವಲಸೆ ಈ ಮೂರನ್ನೂ ಕುರಿತು ವಿಚಾರಿಸುವುದಕ್ಕೆ ದಾರಿಯಾಗುತ್ತದೆ. ಸುಲ್ತಾನರು ಗೋರಿಗಳಲ್ಲಿ ಮಲಗಿದ ಮೇಲೆ ಊರನ್ನು ಊರಾಗಿ ಉಳಿಸಿದವರು ಇಂಥ ಬೀದಿಗಳ ಜನರೇ ಅಲ್ಲವೆ? ಕನ್ನಡವೂ ದಖ್ಖನೀ ಉರ್ದುವೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವ ನಗರದಲ್ಲಿ ಕೈಪಿಡಿಯು ಕಲ್ಲುಗಳನ್ನು ಮಾತ್ರ ಎಣಿಸಿದರೆ, ಓದಿದ ಯಾತ್ರಿಕನು ಜನವಿಲ್ಲದ ಊರನ್ನು ನೋಡಿಬಂದಂತಾಗುತ್ತದೆ. ಅದರ ಫಲವು ಯಾತ್ರಿಕನಿಗೆ ಮಾತ್ರ ತಟ್ಟುವುದಿಲ್ಲ. ಪುಸ್ತಕದಲ್ಲಿ ಹೆಸರಿದ್ದ ಕಟ್ಟಡಕ್ಕೆ ಬೇಲಿ, ಫಲಕ, ಕಾವಲುಗಾರ ಬರುತ್ತಾರೆ. ಹೆಸರಿಲ್ಲದ ಬೀದಿಯ ಹಳೆಯ ಬಾಗಿಲೊಂದು ಮುರಿದುಹೋದರೆ ಕೇಳುವವರಿರುವುದಿಲ್ಲ.

ಎಲ್ಲ ಬೀದಿಗಳನ್ನೂ ಬರೆಯಬೇಕೆಂದರೆ ಪುಸ್ತಕವನ್ನು ಹೊರಲು ಬಂಡಿ ಬೇಕಾದೀತು ಎಂಬ ಆಕ್ಷೇಪಣೆ ನ್ಯಾಯವಾದುದೇ. ನಾವು ಕೇಳುವುದು ಎಲ್ಲವನ್ನೂ ಅಲ್ಲ. ಕೋಟೆಯ ವರ್ಣನೆ ಮುಗಿದ ಮೇಲೆ, ಜನ ವಾಸಿಸುವ ಒಂದು ಹಳೆಯ ಬಡಾವಣೆಯ ಹೆಸರು, ಅಲ್ಲಿ ನಡೆಯುವ ಕಸುಬು, ಬೆಳಗ್ಗೆ ನಡೆದು ನೋಡಬಹುದಾದ ಒಂದು ದಾರಿ. ಊಟದ ವಿಷಯದಲ್ಲಿ ಜೋಳದ ರೊಟ್ಟಿ, ಈ ಸೀಮೆಯ ತೊಗರಿಬೇಳೆ, ಕಮಲಾಪುರದ ಕೆಂಪು ಬಾಳೆಹಣ್ಣು. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣವು 40 ಡಿಗ್ರಿಯನ್ನು ಮೀರುವುದೆಂಬ ಎಚ್ಚರಿಕೆ. ಇವೆಲ್ಲಕ್ಕೂ ಹತ್ತು ಸಾಲು ಸಾಕು. ರೈಲಿನ ವೇಳೆಯನ್ನೂ ದರಗಳನ್ನೂ ಜೇಬಿನ ದೂರವಾಣಿಯೇ ತಿಳಿಸುವ ಈ ದಿನಗಳಲ್ಲಿ ಅವುಗಳಿಗೆ ಮೀಸಲಾಗಿದ್ದ ಪುಟಗಳು ತೆರವಾಗಿವೆಯಷ್ಟೆ. ಆ ಪುಟಗಳನ್ನು ಇಂಥ ಸಂಗತಿಗಳಿಗೆ ಕೊಡಬಹುದು.

ಆದುದರಿಂದ ಮುಂದಿನ ಸಲ ಪುಸ್ತಕದಂಗಡಿಗೆ ಹೋದಾಗ ಅವಸರಪಡಬೇಡಿರಿ. ಹಂಪೆಯ ಪುಟವೂ ಕಾಶಿಯ ಪುಟವೂ ಸ್ವಲ್ಪ ಕಾಯಲಿ. ಕಲಬುರಗಿಯವರು ಕಲಬುರಗಿಯ ಪುಟವನ್ನೂ ಮೈಸೂರಿನವರು ಮೈಸೂರಿನ ಪುಟವನ್ನೂ ತೆರೆದು, ಮುದ್ರಣದ ವರ್ಷ, ಒಂದು ಅಳತೆ, ಹಳೆಯ ಪುಸ್ತಕದಿಂದ ಬಂದಿರಬಹುದಾದ ಒಂದು ಮಾತು, ನೀವು ದಿನವೂ ನಡೆಯುವ ಒಂದು ಬೀದಿ, ಈ ನಾಲ್ಕನ್ನು ಹುಡುಕಿರಿ. ಐದು ನಿಮಿಷಗಳ ಕೆಲಸ. ಗ್ರಂಥಕರ್ತನು ನಿಮ್ಮ ಬೀದಿಗೆ ಬಂದಿದ್ದನೋ ಇಲ್ಲವೋ ಎಂಬುದು ಅಷ್ಟರಲ್ಲಿ ತಿಳಿದುಹೋಗುತ್ತದೆ.